ಗೊಡ್ಡು ಅಂದವಳು ನಾನೇ

ಲೊರೆಶೋ

ಆಫ್ರಿಕಾಕ್ಕೆ ಹೋಗಿ ಬಂದವರು ಸಿಂಹದ ಕಥೆ ಹೇಳಲೇಬೇಕು ಎಂದು ನಮ್ಮ ಕಡೆಯವರ ನಂಬಿಕೆ. ನಾನು ನೈರೋಬಿಯಲ್ಲಿ ಆರು ವಾರ ಇದ್ದು ಬಂದೆ, ಒಂದು ಸಿಂಹವನ್ನೂ ನೋಡಲಿಲ್ಲ. ನೋಡಿದ್ದು ಒಂದು ಕೊಂಗೋನಿಯನ್ನು. ಹುಲ್ಲೆಯ ಜಾತಿ, ನಮ್ಮ ಮಲೆನಾಡು ಗಿಡ್ಡ ಹಸುವಿಗಿಂತ ಒಂದು ಗೇಣು ಎತ್ತರ, ಕತ್ತೆಯ ಹಾಗೆ ಉದ್ದ ಮುಖ, ಬೆಲ್ಲದ ಬಣ್ಣ. ದೇವರು ಬೇರೆ ಬೇರೆ ಪ್ರಾಣಿಗಳ ಉಳಿದ ಭಾಗ ಸೇರಿಸಿ ಮಾಡಿದ ಹಾಗೆ ಕಾಣುತ್ತದೆ. ಈ ಬರಹ ಅದರದ್ದೇ ಆದ್ದರಿಂದ ಸಿಂಹ ಬೇಕಾದವರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಸರವಿಲ್ಲ. ನಿಲ್ಲಿಸಿದರೆ ನನಗೇ ಒಳ್ಳೆಯದು, ಮುಂದಿನದನ್ನು ಕಡಿಮೆ ಜನ ಓದಿದ ಹಾಗಾಗುತ್ತದೆ.

ನಾನು ಮಂಡ್ಯದ ಕಡೆ ಒಂದು ಪಶು ಆಸ್ಪತ್ರೆಯ ಡಾಕ್ಟರು. ಆಗ ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ಇಪ್ಪತ್ತು ವರ್ಷದಿಂದ ಹಸು ಎಮ್ಮೆಗಳ ಗಬ್ಬ ನೋಡುವುದೇ ನನ್ನ ಕೆಲಸವಾಗಿತ್ತು. ನಲವತ್ತೈದು ದಿನದ ಗಬ್ಬವನ್ನು ಕೈ ಹಾಕಿ ಹೇಳುತ್ತಿದ್ದೆ, ತಪ್ಪಿದ್ದು ಬಹಳ ಕಡಿಮೆ. ಸುತ್ತಲಿನ ಹಳ್ಳಿಯವರು ‘ಡಾಕ್ಟ್ರಮ್ಮ ಹೇಳಿದ ಮೇಲೆ ಮುಗೀತು’ ಅನ್ನುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ಕಿವಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಹಾಗಾಗಿ ಸಾಕುಪ್ರಾಣಿ ಮತ್ತು ಕಾಡುಪ್ರಾಣಿಗಳ ಸಂತಾನದ ಬಗ್ಗೆ ನೈರೋಬಿಯಲ್ಲಿ ಒಂದು ತರಬೇತಿ ಇದೆ, ಹೋಗುತ್ತೀರಾ ಎಂದು ಇಲಾಖೆಯವರು ಕೇಳಿದಾಗ, ಕಲಿಯಲು ಹೋಗುತ್ತಿದ್ದೇನೆ ಅನ್ನಿಸಲಿಲ್ಲ. ಕಲಿಸಿ ಬರೋಣ ಅಂದುಕೊಂಡು ಹೊರಟೆ.

ಉಳಿದುಕೊಂಡಿದ್ದು ನೈರೋಬಿಯ ಲೊರೆಶೋ ಬಡಾವಣೆಯಲ್ಲಿ, ಲಿಲ್ಲಿಯ ಮನೆಯಲ್ಲಿ. ಲಿಲ್ಲಿ ಮಂಗಳೂರಿನವಳು, ಬೆಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ಕೋಣೆಯವಳು. ಈಗ ಅಲ್ಲಿ ಶಾಲೆಯ ಟೀಚರು. ಗಂಡ ಕಣ್ಣಿನ ಡಾಕ್ಟರು, ನಾನಿದ್ದಷ್ಟು ದಿನವೂ ಊರೂರು ಸುತ್ತಿ ಕ್ಯಾಂಪ್ ಮಾಡುತ್ತಿದ್ದರು. ಮಗಳು ಶೆರನ್‌ಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅಮ್ಮನ ಜೊತೆ ಜಗಳಕ್ಕೆ ಮಾತ್ರ ಕೊಂಕಣಿ.

ಮೊದಲ ದಿನವೇ ಲಿಲ್ಲಿ ಹೇಳಿದ್ದಳು, “ಇಲ್ಲಿಯವರದ್ದು ಒಂದು ಚಂದದ ಅಭ್ಯಾಸ ಉಂಟು ಮಾರಾಯ್ತಿ. ನೀನು ದಾರಿಯಲ್ಲಿ ಎಡವಿದೆ ಅಂತ ಇಟ್ಕೋ. ಪಕ್ಕದಲ್ಲಿ ಹೋಗುವವರು ‘ಪೋಲೆ’ ಅಂತಾರೆ. ಅಂದ್ರೆ ಅಯ್ಯೋ ಪಾಪ, ಕ್ಷಮಿಸಿ ಅಂದ ಹಾಗೆ.”

“ಅವರೇನು ನನ್ನನ್ನ ತಳ್ಳಿದ್ರಾ, ಕ್ಷಮೆ ಕೇಳೋಕೆ?”

“ತಳ್ಳದಿದ್ರೂ ಕೇಳ್ತಾರೆ. ಅದೇ ಅಲ್ವಾ ಚಂದ!”

ನಮ್ಮ ಕಡೆ ಎಡವಿದವರಿಗೆ ಸಿಗುವುದು ‘ಕಣ್ಣು ಎಲ್ಲಿಟ್ಟಿದ್ದೆ?’ ಎಂಬ ಪ್ರಶ್ನೆ. ಇಬ್ಬರೂ ನಕ್ಕೆವು. ಆ ಪ್ರಶ್ನೆಯನ್ನು ನನಗೆ ಕೇಳಬೇಕಾದ ದಿನ ಬರುತ್ತದೆಂದು ಆಗ ಹೊಳೆದಿರಲಿಲ್ಲ.

ತರಗತಿ

ತರಬೇತಿಯಲ್ಲಿ ಹದಿನಾಲ್ಕು ಜನ ಇದ್ದೆವು, ನಾನಾ ದೇಶದವರು. ಬೆಳಿಗ್ಗೆಯ ಪಾಠಗಳಲ್ಲಿ ನಾನು ಮುಂದು. ಹಸುವಿನ ಗಬ್ಬದ ಬಗ್ಗೆ ಏನು ಕೇಳಿದರೂ ನನ್ನ ಕೈ ಮೊದಲು ಮೇಲೆ. ತೊಂದರೆ ಇದ್ದದ್ದು ಊಟದ ನಂತರ. ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಅದಕ್ಕೆ ಉಗಾಲಿ ಅನ್ನುತ್ತಾರೆ, ಜೊತೆಗೆ ಹೆಚ್ಚಿ ಬಾಡಿಸಿದ ಸೊಪ್ಪು. ರಾಗಿಮುದ್ದೆ ತಿಂದು ಬೆಳೆದವಳಿಗೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಎರಡು ಸಲ ಹಾಕಿಸಿಕೊಂಡರೆ ಕಣ್ಣು ತಾನಾಗಿ ಎಳೆಯುತ್ತದೆ.

ಹಾಗೆ ಎರಡು ಸಲ ಹಾಕಿಸಿಕೊಂಡ ಒಂದು ಮಧ್ಯಾಹ್ನ, ಕೆನಡಾದ ಪ್ರೊಫೆಸರೊಬ್ಬರು ಪರದೆ ಎಳೆದು, ದೀಪ ಆರಿಸಿ, ಸ್ಲೈಡ್ ತೋರಿಸಲು ಶುರುಮಾಡಿದರು. ವಿಷಯ, ಅವರ ದೇಶದಲ್ಲಿ ವಸಂತಕಾಲದಲ್ಲಿ ಎಲ್ಕ್ ಬೇಟೆ ಯಾಕೆ ತಪ್ಪು ಎಂಬುದು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣನಂಥ ಜಿಂಕೆ. ಪರದೆಯ ಮೇಲೆ ಹಿಮ, ಕರಗುವ ಹಿಮ, ಅರ್ಧ ಕರಗಿದ ಹಿಮ. ನಮ್ಮ ಊರಿನಲ್ಲಿ ಯುಗಾದಿ ಕಳೆದು ವಾರವಾಗಿತ್ತು, ಮಾವಿನ ಮರಗಳಲ್ಲಿ ಮಿಡಿ ಬಲಿತಿರುತ್ತದೆ. ನೈರೋಬಿಯಲ್ಲಿ ದೊಡ್ಡ ಮಳೆಗಾಲ ಶುರುವಾಗಿತ್ತು. ಈ ಮನುಷ್ಯ ಯಾವುದೋ ಹಿಮದ ದೇಶದ ವಸಂತ ಹೇಳುತ್ತಿದ್ದಾರಲ್ಲ, ನನ್ನ ಹಸುಗಳಿಗೂ ಇದಕ್ಕೂ ಏನು ಸಂಬಂಧ ಅಂದುಕೊಂಡೆ. ‘ಹೆಣ್ಣು ಎಲ್ಕ್ ಕರು ಹಾಕುವ ಮೊದಲು ಹಿಂಡು ಬಿಟ್ಟು’ ಎಂಬಲ್ಲಿಯವರೆಗೆ ನೆನಪಿದೆ. ಆಮೇಲೆ ಚಪ್ಪಾಳೆ ಕೇಳಿ ಎಚ್ಚರವಾಯಿತು. ನಾನೂ ಜೋರಾಗಿ ತಟ್ಟಿದೆ.

ಅಥಿ ಬಯಲು

ಎರಡು ದಿನದ ಮೇಲೆ ನಮ್ಮನ್ನು ಊರ ಹೊರಗಿನ ಅಥಿ ಬಯಲಿನಲ್ಲಿದ್ದ ಒಂದು ಖಾಸಗಿ ರಾಂಚಿಗೆ, ಅಂದರೆ ದನ ಮೇಯಿಸುವ ದೊಡ್ಡ ಹುಲ್ಲುಗಾವಲಿಗೆ, ಕರೆದೊಯ್ದರು. ಬೇಟೆ ಆ ದೇಶದಲ್ಲಿ ಎಷ್ಟೋ ವರ್ಷದಿಂದ ನಿಷಿದ್ಧ. ಆದರೆ ದನಗಳ ಜೊತೆಗೇ ಕಾಡುಪ್ರಾಣಿಗಳು ಮೇಯುವ ಕೆಲವು ರಾಂಚುಗಳಿಗೆ, ಸಂಖ್ಯೆ ಮಿತಿಯಲ್ಲಿಡಲು ಇಷ್ಟನ್ನು ಹೊಡೆದು ಮಾಂಸ ಮಾರಬಹುದು ಎಂಬ ಅನುಮತಿ ಇತ್ತು. ಆ ರಾಂಚಿನ ನಿಯಮ ಹೀಗೆ: ಮಳೆಗಾಲದಲ್ಲಿ ಗಂಡನ್ನು ಹೊಡೆಯಬಹುದು, ಕರುವಿಲ್ಲದ ಗೊಡ್ಡು ಹೆಣ್ಣನ್ನು ಹೊಡೆಯಬಹುದು, ಹಾಲು ಕೊಡುವ ಹೆಣ್ಣನ್ನು ಮಾತ್ರ ಮುಟ್ಟಕೂಡದು. ನಿಯಮ ಕೇಳಲು ಸರಳ. ಆದರೆ ಕೊಂಗೋನಿಗಳಲ್ಲಿ ಗಂಡಿಗೂ ಕೊಂಬು, ಹೆಣ್ಣಿಗೂ ಕೊಂಬು. ಕೆಚ್ಚಲೋ ತೀರ ಚಿಕ್ಕದು, ತೊಡೆಯ ಸಂದಿಯಲ್ಲಿ ಅಡಗಿರುತ್ತದೆ. ಅದಕ್ಕೇ ಹುಲ್ಲು ಎದೆಯುದ್ದ ಬೆಳೆದಾಗ ನೋಡಿ ಹೇಳಲು ಅನುಭವಿ ಕಣ್ಣು ಬೇಕು.

ಆ ಕಣ್ಣು ಕಿಯೋಕೊ ಅವರದ್ದು. ಐವತ್ತೈದರ ಮೇಲಿನ ಮನುಷ್ಯ, ಬೇಟೆಗೆ ಅನುಮತಿ ಇದ್ದ ಕಾಲದಲ್ಲಿ ಬಿಳಿಯರ ತಂಡಗಳಿಗೆ ಹೆಜ್ಜೆಗುರುತು ಹುಡುಕಿಕೊಡುತ್ತಿದ್ದವರು. ತೆರೆದ ಪಿಕಪ್ಪಿನ ಹಿಂದೆ ನಿಂತು ಪ್ರಾಣಿಯನ್ನು ನೋಡುತ್ತಾರೆ. ಸರಿ ಅನ್ನಿಸಿದರೆ ಕೈ ಎತ್ತುತ್ತಾರೆ. ಮುಂದೆ ಕೂತ ಬಂದೂಕಿನವನು ಕನ್ನಡಿಯಲ್ಲಿ ಆ ಕೈಯನ್ನು ಮಾತ್ರ ನೋಡಿಕೊಂಡಿರುತ್ತಾನೆ. ಕೈ ಎದ್ದರೆ ಗುಂಡು ಹಾರುತ್ತದೆ. ಆ ದಿನ ಮನಸ್ಸಿನಲ್ಲಿ ನಾನು ಕಿಯೋಕೊ ಅವರನ್ನು ‘ಅವನು’ ಎಂದೇ ಅಂದುಕೊಂಡಿದ್ದೆ. ಈ ‘ಅವರು’ ಆಮೇಲೆ ಬಂದದ್ದು.

ನಮ್ಮಲ್ಲಿ ಒಬ್ಬೊಬ್ಬರನ್ನು ಒಂದೊಂದು ಗಾಡಿಗೆ ಹಾಕಿದರು. ನಮ್ಮದು ನೋಡುವ ಕೆಲಸ, ಕೇಳಿದರೆ ಸಲಹೆ ಕೊಡುವುದು, ಅಷ್ಟೆ. ಕಿಯೋಕೊ ಅವರ ಪಕ್ಕ ನಾನು ನಿಂತೆ. ಒಂದು ಗಂಟೆ ಗಾಡಿ ಕುಲುಕಾಡಿದ ಮೇಲೆ ಗೆದ್ದಲಹುತ್ತದ ದಿಬ್ಬವೊಂದರ ಮೇಲೆ ಒಂಟಿ ಕೊಂಗೋನಿ ಕಂಡಿತು. ಗಾಡಿ ನಿಂತಿತು. ನಾನು ಮೊದಲು ಒಂದು ಫೋಟೋ ತೆಗೆದೆ, ಆಮೇಲೆ ದುರ್ಬೀನು ಕಣ್ಣಿಗಿಟ್ಟೆ. ಹೆಣ್ಣು, ಮೈ ತುಂಬಿಕೊಂಡಿದೆ. ದೂರದಲ್ಲಿ ಹಿಂಡಿತ್ತು, ಅಲ್ಲಿ ನಾಲ್ಕಾರು ಕರುಗಳು ತಾಯಂದಿರ ಕಾಲಿಗೆ ಅಂಟಿಕೊಂಡು ನಿಂತಿದ್ದವು. ಇದರ ಬಳಿ ಏನೂ ಇರಲಿಲ್ಲ. ಅರ್ಧ ಗಂಟೆ ನೋಡಿದೆವು. ಯಾವ ಕರುವೂ ಬರಲಿಲ್ಲ, ಇದೂ ಯಾವ ಕರುವಿನ ಹತ್ತಿರವೂ ಹೋಗಲಿಲ್ಲ.

“ಗೊಡ್ಡು,” ಅಂದೆ ಇಂಗ್ಲಿಷಿನಲ್ಲಿ.

ಕಿಯೋಕೊ ಕಣ್ಣು ಕಿರಿದು ಮಾಡಿದರು. “ನ್ಗೋಜಾ, ಡಕ್ಟಾರಿ,” ಅಂದರು. ತಡೆಯಿರಿ ಎಂದರ್ಥ. “ಅದು ಅಲ್ಲಿ ಎಡಗಡೆ ಹುಲ್ಲಿನ ಕಡೆ ಒಂದು ಸಲ ನೋಡಿತು. ಆಮೇಲೆ ಆ ಕಡೆ ನೋಡಲೇ ಇಲ್ಲ. ಉಳಿದ ಎಲ್ಲ ಕಡೆ ನೋಡುತ್ತಿದೆ. ಇನ್ನೊಂದು ಗಂಟೆ ಕಾಯೋಣ.”

“ನೋಡದಿದ್ದರೆ ಅಲ್ಲಿ ಏನೂ ಇಲ್ಲ ಅಂತ ತಾನೇ?”

“ಇರಬಹುದು. ಕಾಯೋಣ.”

ಬಿಸಿಲು ನೆತ್ತಿಗೆ ಬಂದಿತ್ತು. ಬೇರೆ ಗಾಡಿಗಳಿಂದ ಆಗಲೇ ಎರಡು ಗುಂಡಿನ ಸದ್ದು ಕೇಳಿತ್ತು, ನಾವೇ ಹಿಂದೆ ಬಿದ್ದೆವಲ್ಲ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಮಾತಿಗೆ ಒಬ್ಬರು ತಡೆಯಿರಿ ಅಂದದ್ದು ನನಗೆ ಹಿಡಿಸಲಿಲ್ಲ. ಊರಿನಲ್ಲಿ ಹಾಗೆ ಯಾರೂ ಅನ್ನುತ್ತಿರಲಿಲ್ಲ.

“ನೋಡಿ, ಇಪ್ಪತ್ತು ವರ್ಷದಿಂದ ನಾನು ಹಸುಗಳ ಮಧ್ಯೆ ಇದ್ದೇನೆ,” ಅಂದೆ. “ಕರು ಹಾಕಿದ ತಾಯಿ ಹೊಸತರಲ್ಲಿ ಕರು ಬಿಟ್ಟು ಹತ್ತು ಹೆಜ್ಜೆ ಹೋಗುವುದಿಲ್ಲ. ಹೋದರೆ ಕೂಗುತ್ತದೆ. ಇದಕ್ಕೆ ಕರು ಇಲ್ಲ. ಡಾಕ್ಟರ್ ಆಗಿ ಹೇಳುತ್ತಿದ್ದೇನೆ.”

ಅವರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಹುಲ್ಲನ್ನು. ಆಮೇಲೆ ಕೈ ಎತ್ತಿದರು.

ಗುಂಡು ಕುತ್ತಿಗೆಗೆ ಬಿತ್ತು. ಅದು ನಿಂತಲ್ಲೇ ಮಡಚಿಕೊಂಡಿತು. ಹತ್ತಿರ ಹೋದೆವು. ಅಭ್ಯಾಸ ಬಿಡುತ್ತದೆಯೇ, ನನ್ನ ಕೈ ತಾನಾಗಿ ತೊಡೆಯ ಸಂದಿಗೆ ಹೋಯಿತು. ಕೆಚ್ಚಲು ಚಿಕ್ಕದು, ಆದರೆ ಬಿಗಿಯಾಗಿ ತುಂಬಿತ್ತು, ಬಿಸಿಯಾಗಿತ್ತು. ಒತ್ತುವುದೇ ಬೇಡವಾಯಿತು, ಬೆರಳುಗಳ ಮೇಲೆ ಹಳದಿ ಮಿಶ್ರಿತ ದಪ್ಪ ಹಾಲು ಬಂತು. ಗಿಣ್ಣು. ಕರು ಹಾಕಿ ಎರಡು ಮೂರು ದಿನವೂ ಆಗಿರಲಿಲ್ಲ. ಆ ವಾಸನೆ ನನಗೆ ನನ್ನ ಅಡಿಗೆಮನೆಯಷ್ಟೇ ಪರಿಚಿತ. ಗಿಣ್ಣಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಎಷ್ಟು ರೈತರ ಮನೆಯವರು ನನಗೆ ಡಬ್ಬಿಯಲ್ಲಿ ತಂದುಕೊಟ್ಟಿದ್ದಾರೆ. ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡೆ, ಆಮೇಲೆ ಸೆರಗನ್ನು ಎಲ್ಲಿ ಬಚ್ಚಿಡುವುದೋ ತಿಳಿಯಲಿಲ್ಲ.

ಕಿಯೋಕೊ ನನ್ನ ಬೆರಳುಗಳನ್ನು ನೋಡಿದರು. ನೇರ ಹುಲ್ಲಿನೊಳಕ್ಕೆ ನಡೆದರು. ನಾನೂ ಹಿಂದೆ ಹೋದೆ. ಅರ್ಧ ಗಂಟೆ ಹುಡುಕಿದೆವು. ನಾನು ನಮ್ಮ ಕರುಗಳನ್ನು ಕರೆಯುವ ಹಾಗೆ ನಾಲಿಗೆಯಲ್ಲಿ ಸದ್ದು ಮಾಡಿದೆ. ಕರು ಹೆದರಿದರೆ ಅಂಬಾ ಅನ್ನುತ್ತದೆ, ಓಡಿಬರುತ್ತದೆ, ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಯಾವ ಸದ್ದೂ ಬರಲಿಲ್ಲ. ಬಿಸಿಲಿಗೆ ಮಾಂಸ ಕೆಡುತ್ತದೆಂದು ಬಂದೂಕಿನವನು ಹಾರ್ನ್ ಹೊಡೆದ.

ಮಾಂಸ ಕೊಯ್ಯುವ ಶೆಡ್ಡಿನಲ್ಲಿ ರಾಂಚಿನ ಮ್ಯಾನೇಜರ್ ಮುಟುವಾ ಕಾಯುತ್ತಿದ್ದರು. ಇಸ್ತ್ರಿ ಅಂಗಿಯ, ಮೆಲುದನಿಯ ಮನುಷ್ಯ. ಕೆಚ್ಚಲು ನೋಡಿದ ಕೂಡಲೇ ಅವರ ಮುಖ ಬದಲಾಯಿತು.

“ಇದಕ್ಕೆ ಕೈ ಎತ್ತಿದ್ದು ಯಾರು?”

ನಾನು ಮೂರು ಮಾರು ದೂರದಲ್ಲಿ, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ.

“ನಾನು,” ಅಂದರು ಕಿಯೋಕೊ.

“ನೀವಾ? ಬೇರೆ ಯಾರಾದರೂ ಆಗಿದ್ದರೆ ಒಪ್ಪಬಹುದಿತ್ತು. ನೀವು ಹೇಗೆ ಇದನ್ನು—”

“ಹುಲ್ಲು ಎತ್ತರ ಇತ್ತು.”

ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೆ ಬಾಯಿ ಬಿಡುತ್ತಿದ್ದೆನೇನೋ. ಹೀಗೆ ಹೇಳುವುದೂ ಜಾಣತನವೇ, ಬಿಡಬೇಕಾದ ಬಾಯಿ ನನ್ನದೇ ಆಗಿತ್ತು. ಕೈ ಎತ್ತಿದ್ದು ಅವರು ಎಂಬುದು ಸತ್ಯವೇ. ಆ ಸತ್ಯ ನನಗೆ ಎಷ್ಟು ಅನುಕೂಲವಾಗಿತ್ತೆಂದರೆ ನಾನು ನಲ್ಲಿ ನಿಲ್ಲಿಸದೆ ಕೈ ತೊಳೆಯುತ್ತಲೇ ಇದ್ದೆ. ನಾಳೆಯಿಂದ ಗಾಡಿ ಹತ್ತುವುದು ಬೇಡ, ಗೇಟು ನೋಡಿಕೊಳ್ಳಿ ಎಂದು ಮುಟುವಾ ಹೇಳಿದ್ದು ನೀರಿನ ಸದ್ದಿನಲ್ಲೂ ಸರಿಯಾಗಿ ಕೇಳಿತು.

ಆ ಸಂಜೆ ಲೊರೆಶೋದಲ್ಲಿ ಶೆರನ್ ಬಾಗಿಲಲ್ಲೇ ಹಿಡಿದಳು. “ಡಿಡ್ ಯೂ ಸೀ ಎನಿ ಬೇಬೀಸ್, ಆಂಟಿ?”

“ನೋಡಿದೆ ಪುಟ್ಟಿ, ದೂರದಿಂದ,” ಅಂದೆ.

ನ್ಗಾರಾ

ಭಾನುವಾರ ಚರ್ಚು ಮುಗಿಸಿಕೊಂಡು ಲಿಲ್ಲಿ ನನ್ನನ್ನು ನ್ಗಾರಾಕ್ಕೆ ಕರೆದೊಯ್ದಳು. ನುಗ್ಗೇಕಾಯಿ, ಕರಿಬೇವು, ಇಡ್ಲಿ ಅಕ್ಕಿ, ಎಲ್ಲ ಸಿಗುವ ಬೀದಿ. ಗುಜರಾತಿ ಅಂಗಡಿಯವರು ಗಿರಾಕಿಯ ಮುಖ ನೋಡಿ ನಾಲ್ಕು ಭಾಷೆ ಬದಲಾಯಿಸುತ್ತಾರೆ. ನಮ್ಮ ಅವೆನ್ಯೂ ರಸ್ತೆಯನ್ನು ಸ್ವಲ್ಪ ಅಗಲ ಮಾಡಿ ಮಟಾಟುಗಳನ್ನು, ಅಂದರೆ ಹಾಡು ಹಾಕಿಕೊಂಡು ನುಗ್ಗುವ ಅಲ್ಲಿಯ ವ್ಯಾನುಗಳನ್ನು, ಒಳಗೆ ಬಿಟ್ಟರೆ ಹೀಗೇ ಇರುತ್ತದೆ. ಮೂರು ದಿನದಿಂದ ನನಗೆ ಊಟ ಸೇರಿರಲಿಲ್ಲ. ಲಿಲ್ಲಿ ಅದಕ್ಕೆ ನೀರಿನ ದೋಷ ಅಂದುಕೊಂಡಿದ್ದಳು.

ರಸ್ತೆ ದಾಟುವಾಗ ಕಲ್ಲಿಗೆ ಕಾಲು ತಾಗಿ ಮುಗ್ಗರಿಸಿದೆ. ಚೀಲ ಬಿತ್ತು, ನುಗ್ಗೇಕಾಯಿ ಚೆಲ್ಲಿದವು.

“ಪೋಲೆ, ಮಾಮಾ,” ಅಂದಳು ಸೊಪ್ಪು ಮಾರುವ ಹೆಂಗಸು. ಅಲ್ಲಿ ಮಾಮಾ ಅಂದರೆ ಅಮ್ಮ.

“ಪೋಲೆ,” ಅಂದ ಸೈಕಲ್ಲಿನವನು.

“ಪೋಲೆ ಸಾನಾ,” ಅಂತ ಒಬ್ಬ ಮುದುಕ ನುಗ್ಗೇಕಾಯಿ ಆರಿಸಿಕೊಟ್ಟ.

ಮೂವರೂ ನನಗೆ ಏನೂ ಮಾಡಿದವರಲ್ಲ. ಮಾಡದ ತಪ್ಪಿಗೆ ಎಷ್ಟು ಸಲೀಸಾಗಿ ಕ್ಷಮೆ ಕೇಳಿದರು! ಮಾಡಿದವಳು ನಾನು ನಲ್ಲಿಯ ಹತ್ತಿರ ನಿಂತಿದ್ದೆ. ನಡುರಸ್ತೆಯಲ್ಲೇ ಅಳು ಬಂತು. ನಲವತ್ತಾರು ವರ್ಷದ ಹೆಂಗಸು, ಕೈಯಲ್ಲಿ ನುಗ್ಗೇಕಾಯಿ.

“ಎಂತ ಆಯ್ತು? ಕಾಲು ಉಳುಕಿತಾ? ಹೇಳು ಮಾರಾಯ್ತಿ!”

ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಲಿಲ್ಲಿ ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. ಹಾಸ್ಟೆಲಿನಲ್ಲಿ ನಾನು ಫೇಲಾದಾಗಲೂ ಪೇಪರ್ ನೋಡಿದವರದ್ದೇ ತಪ್ಪು ಅಂದವಳು ಅವಳು. ಅವಳು ನನ್ನ ಕೈಯಿಂದ ನುಗ್ಗೇಕಾಯಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

“ಆ ಮನುಷ್ಯನ ಕೆಲಸ ಹೋಯ್ತಾ?”

“ಕೆಲಸ ಹೋಗಿಲ್ಲ. ಗೇಟಿಗೆ ಹಾಕಿದಾರೆ.”

“ಅಷ್ಟು ವರ್ಷ ಕಣ್ಣಿನಿಂದ ಬದುಕಿದವರನ್ನು ಗೇಟಿಗೆ ಹಾಕಿದ್ರೆ ಮರ್ಯಾದೆ ಹೋಯ್ತಲ್ಲ. ನನ್ನ ಹತ್ರ ಹೇಳಿ ಎಂತ ಪ್ರಯೋಜನ ಸುಶೀ? ನಾನೇನು ಪಾದ್ರಿಯಾ? ನೀನು ಅಲ್ಲಿಗೆ ಹೋಗಿ ಹೇಳ್ಬೇಕು.”

“ಹೇಳಿದ್ರೆ ತರಬೇತಿಯವರು ಇಲಾಖೆಗೆ ಬರೀತಾರೆ ಕಣೇ.”

“ಬರೀಲಿ. ನೀನು ಗೇಟ್ ಕಾಯೂದು ಬೇಡ ಅಲ್ವಾ?”

ಕರಾವಳಿಯವರ ಕನ್ನಡ ಮೆದು ಅನ್ನುತ್ತಾರೆ. ಅದು ಕೇಳಿಸಿಕೊಳ್ಳುವವರು ಯಾರು ಎಂಬುದರ ಮೇಲಿದೆ.

ಮತ್ತೆ ತರಗತಿ

ಹೋಗುವ ಮೊದಲು ನನ್ನ ತಪ್ಪು ಏನೆಂದು ನನಗೇ ಪೂರ್ತಿ ತಿಳಿಯಬೇಕಿತ್ತು. ಅಥವಾ ಹೋಗುವುದನ್ನು ಇನ್ನೊಂದು ದಿನ ಮುಂದೂಡಲು ಅದು ನೆಪ. ಸೋಮವಾರ ಕೆನಡಾದ ಪ್ರೊಫೆಸರ ಕೋಣೆಗೆ ಹೋಗಿ, ಆ ಎಲ್ಕ್ ಸ್ಲೈಡುಗಳನ್ನು ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದೆ.

“ಖಂಡಿತ. ನೀವು ಎರಡನೇ ಸಾಲಿನಲ್ಲಿ ಮಲಗಿದ್ದವರು ಅಲ್ಲವೇ?” ಅಂದರು ನಗುತ್ತಾ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಈ ಸಲ ಎಚ್ಚರವಾಗಿ ಕೇಳಿದೆ. ಚಳಿಗಾಲ ಕಳೆಯುವಾಗ ಎಲ್ಕ್‌ಗಳ ಮೈಯಲ್ಲಿ ಕೊಬ್ಬು ಉಳಿದಿರುವುದಿಲ್ಲ, ಬೆನ್ನಟ್ಟಿ ಓಡಿಸಿದರೆ ಓಟಕ್ಕೇ ಸೋಲುತ್ತವೆ. ಹೊಟ್ಟೆಯ ಕರು ಹೆಚ್ಚು ಬೆಳೆಯುವುದೂ ಆ ಕೊನೆಯ ತಿಂಗಳುಗಳಲ್ಲೇ. ಗಂಡುಗಳು ಆಗ ಕೊಂಬು ಉದುರಿಸಿ, ಹೊಸ ಕೊಂಬು ಮೊಳೆಯಿಸಿಕೊಂಡು ನಿಂತಿರುತ್ತವೆ, ದೂರದಿಂದ ಗಂಡು ಯಾವುದು ಹೆಣ್ಣು ಯಾವುದು ಎಂಬುದೇ ಅನುಮಾನ. ಕರು ಹಾಕುವ ಸಮಯಕ್ಕೆ ತಾಯಿ ಹಿಂಡು ಬಿಡುತ್ತದೆ. ಕರುವನ್ನು ನೆಕ್ಕಿ ವಾಸನೆ ಕಳೆದು, ಹುಲ್ಲಿನಲ್ಲಿ ಮಲಗಿಸಿ, ತಾನು ದೂರ ಹೋಗಿ ಮೇಯುತ್ತದೆ. ಶತ್ರುವಿನ ಕಣ್ಣು ತನ್ನ ಮೇಲಿರುವಾಗ ಕರುವಿನ ಹತ್ತಿರ ಸುಳಿಯುವುದಿಲ್ಲ. ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತದೆ.

“ಕರು?” ಎಂದು ಕೇಳಿದೆ.

“ಕತ್ತು ನೆಲಕ್ಕೆ ಚಾಚಿ ಮಲಗಿರುತ್ತದೆ. ಅಪಾಯ ಬಂದರೆ ಎದೆಬಡಿತ ಕೂಡ ನಿಧಾನ ಮಾಡಿಕೊಳ್ಳುತ್ತದೆ. ತಾಯಿ ಬಂದು ಕರೆಯುವ ತನಕ ಏಳುವುದಿಲ್ಲ. ಇಲ್ಲಿಯ ಕೊಂಗೋನಿಗಳೂ ಮೊದಲ ದಿನಗಳಲ್ಲಿ ಹೀಗೇ.”

ನಾನು ನಡೆದದ್ದನ್ನು ಹೇಳಿದೆ. ಅವರ ನಗು ನಿಂತಿತು.

“ನಾನು ಬೇಟೆಗಾರ,” ಅಂದರು. “ಶರತ್ಕಾಲದಲ್ಲಿ ಒಂದು ಎಲ್ಕ್ ಹೊಡೆಯುತ್ತೇನೆ, ವರ್ಷವಿಡೀ ಮನೆಯವರೆಲ್ಲ ತಿನ್ನುತ್ತೇವೆ. ವಸಂತದಲ್ಲಿ ಬಂದೂಕು ಮುಟ್ಟುವುದಿಲ್ಲ. ಎಷ್ಟು ಒಳ್ಳೆಯ ಮನಸ್ಸಿನವನಾದರೂ, ಎಷ್ಟು ತಿಳಿದವನಾದರೂ, ಆಗ ಕಣ್ಣಿಗೆ ಕಾಣುವುದು ಅರ್ಧವೇ. ಉಳಿದರ್ಧ ಹುಲ್ಲಿನಲ್ಲಿ ಮಲಗಿರುತ್ತದೆ. ನೀವು ಮಾಂಸ ತಿನ್ನುವುದಿಲ್ಲ ಅಲ್ಲವೇ?”

“ಇಲ್ಲ.”

“ತಿನ್ನುವವನಿಗೆ ಭಯ ಇರುತ್ತದೆ, ಅದಕ್ಕೆ ನಿಯಮ ಮಾಡಿಕೊಳ್ಳುತ್ತಾನೆ. ತಿನ್ನದವರಿಗೆ ತಾವು ಆಗಲೇ ಶುದ್ಧರು ಅನ್ನಿಸಿರಬಹುದು.”

 ಊರಿನಲ್ಲಿ ಯಾರಾದರೂ ಕೋಳಿ ಕೊಯ್ದರೆ ಮೂಗು ಮುರಿಯುವವಳು ನಾನು. ಬಂದೂಕಿನವನು, ಕಿಯೋಕೊ, ಮುಟುವಾ, ಈ ಪ್ರೊಫೆಸರು, ಎಲ್ಲರೂ ಮಾಂಸ ತಿನ್ನುವವರು. ಇನ್ನೊಂದು ಗಂಟೆ ಕಾಯಲು ಒಪ್ಪದವಳು ಆ ಬಯಲಿನಲ್ಲಿ ಪುಳಿಚಾರು ತಿನ್ನುವ ನಾನೊಬ್ಬಳೇ.

ಗೇಟು

ಗುರುವಾರ ಲಿಲ್ಲಿ ರಜೆ ಹಾಕಿ ಕಾರು ತೆಗೆದಳು.  ರಾಂಚಿನ ಗೇಟು ತೆರೆದವರು ಕಿಯೋಕೊ. ಖಾಕಿ ಕೋಟು ಅವರ ಭುಜಕ್ಕೆ ದೊಡ್ಡದಾಗಿತ್ತು. ನನ್ನನ್ನು ಕಂಡು ಟೋಪಿ ಮುಟ್ಟಿಕೊಂಡರು. ಅದೊಂದನ್ನು ನನಗೆ ತಡೆಯಲಾಗಲಿಲ್ಲ.

ಲಿಲ್ಲಿ ಕಾರಿನಲ್ಲೇ ಉಳಿದಳು. ಇಳಿದು ಅವರ ಮುಂದೆ ನಿಂತೆ. ಇಂಗ್ಲಿಷಿನಲ್ಲಿ ಹೇಳಬೇಕೆಂದು ರಾತ್ರಿಯೆಲ್ಲ ವಾಕ್ಯ ಕಟ್ಟಿಕೊಂಡಿದ್ದೆ. ಬಾಯಿಂದ ಬಂದದ್ದು ‘ತಪ್ಪಾಯ್ತು’ ಎಂಬ ಕನ್ನಡದ ಮಾತು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಚೆನ್ನಾಗಿ ಬರಲಿಲ್ಲ.

“ನೀವು ತಡೆಯಿರಿ ಅಂದಿರಿ. ನಾನು ಕೇಳಲಿಲ್ಲ. ಆಮೇಲೆ ಶೆಡ್ಡಿನಲ್ಲಿ ಸುಮ್ಮನಿದ್ದೆ. ಈಗ ಮ್ಯಾನೇಜರಿಗೆ ಹೇಳಲು ಬಂದಿದ್ದೇನೆ.”

“ನೀವು ಅತಿಥಿ,” ಅಂದರು ಅವರು. “ಅತಿಥಿಯ ಮಾತು ತೆಗೆದುಹಾಕಬಾರದು ಅಂದುಕೊಂಡೆ. ಹಾಗೆ ಅಂದುಕೊಳ್ಳಬಾರದಿತ್ತು. ಕೈ ನನ್ನದೇ.”

“ಕರು?”

ಅವರು ಬಯಲಿನ ಕಡೆ ನೋಡಿದರು. “ಕೆಲಸ ಮುಗಿದ ಮೇಲೆ ದಿನಾ ಹೋಗುತ್ತಿದ್ದೆ. ನಾಲ್ಕನೇ ದಿನ ಸಿಕ್ಕಿತು. ಹುತ್ತದಿಂದ ಮೂವತ್ತು ಹೆಜ್ಜೆ. ನಾವು ಹುಡುಕುವಾಗ ಎರಡು ಸಲ ಅದರ ಪಕ್ಕದಲ್ಲೇ ಹಾದಿದ್ದೇವೆ, ನಮ್ಮ ಹೆಜ್ಜೆ ಅಲ್ಲಿತ್ತು. ನರಿಗೂ ಸಿಕ್ಕಿರಲಿಲ್ಲ, ವಾಸನೆ ಇಲ್ಲವಲ್ಲ. ಮಲಗಿದ ಹಾಗೇ ಇತ್ತು. ಎದ್ದೇ ಇರಲಿಲ್ಲ.”

ನಾನು ಗೇಟಿನ ಕಂಬ ಹಿಡಿದುಕೊಂಡೆ.

“ಪೋಲೆ, ಡಕ್ಟಾರಿ,” ಅಂದರು ಕಿಯೋಕೊ.

ಆ ಮಾತನ್ನು ಅವರು ನನಗೆ ಹೇಳಿದರು. ನನಗೆ!

ಮುಟುವಾ ಚಹಾ ಕುಡಿಯುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಲೋಟ ಕೆಳಗಿಟ್ಟರು. ಬೈಯಲಿಲ್ಲ. “ಎಂಟು ದಿನ ಆಯಿತಲ್ಲ, ಡಾಕ್ಟರ್,” ಅಂದರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ಹೊರಗೆ ಬಂದು ಕಿಯೋಕೊ ಅವರನ್ನು ಕರೆದು, ತಮ್ಮ ಭಾಷೆಯಲ್ಲಿ ಏನೋ ಹೇಳಿ, ಕೈ ಕುಲುಕಿದರು. ನಾಳೆಯಿಂದ ಮತ್ತೆ ಗಾಡಿ ಹತ್ತಿ ಎಂದರಂತೆ. ಕಿಯೋಕೊ ಬೇಡವೆಂದು ತಲೆ ಆಡಿಸಿದರು. ನನಗೂ ತಿಳಿಯಲೆಂದೋ ಏನೋ, ಉತ್ತರ ಇಂಗ್ಲಿಷಿನಲ್ಲಿ ಕೊಟ್ಟರು.

“ಈ ಮಳೆಗಾಲ ಇಲ್ಲೇ ಇರುತ್ತೇನೆ. ಕರುಗಳೆಲ್ಲ ಎದ್ದು ಓಡಾಡಲಿ. ಆಮೇಲೆ ಹತ್ತುತ್ತೇನೆ.”

ಎಂಬಕಸಿ

ಹೊರಡುವ ದಿನ ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಲಿಲ್ಲಿ, ಶೆರನ್ ಇಬ್ಬರೂ ಬಂದರು. ನನ್ನ ಕ್ಯಾಮೆರಾದ ರೀಲನ್ನು ಶೆರನ್ ತೊಳೆಸಿ ತಂದಿದ್ದಳು. ಮೇಲಿನ ಚಿತ್ರವೇ ಹುತ್ತದ ಮೇಲೆ ನಿಂತ ಕೊಂಗೋನಿ.

“ದಿಸ್ ವನ್ ಈಸ್ ದಿ ಬೆಸ್ಟ್, ಆಂಟಿ,” ಅಂದಳು.

ಅವಳಿಗೂ ಹೇಳಿದೆ. ಹನ್ನೊಂದು ವರ್ಷದ ಮಗುವಿಗೆ ಹೇಳುವುದು ಮುಟುವಾಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಅಮ್ಮನ ಕೈ ಹಿಡಿದುಕೊಂಡಳು. ಅಪ್ಪಿಕೊಳ್ಳಲಿಲ್ಲ, ಕೈ ಬೀಸಿದಳು.

ಊರು

ಇಲಾಖೆಗೆ ಯಾರೂ ಏನೂ ಬರೆಯಲಿಲ್ಲ. ನಮ್ಮ ಕಚೇರಿಯಲ್ಲಿ ನನಗೆ ಹಾರ ಹಾಕಿದರು, ಕೆನ್ಯಾ ಅನುಭವದ ಬಗ್ಗೆ ಎರಡು ಮಾತಾಡಿ ಎಂದರು. ಉಗಾಲಿಯ ಬಗ್ಗೆ ಮಾತಾಡಿದೆ.

ಆ ತಿಂಗಳಲ್ಲೇ ಒಂದು ದಿನ ಪುಟ್ಟಮ್ಮ ತನ್ನ ಹಳ್ಳಿಕಾರ್ ಹಸುವಿನ ಗಬ್ಬ ನೋಡಿಸಲು ಆಸ್ಪತ್ರೆಗೆ ಬಂದಳು. ಅರವತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ದನದ ಜೊತೆಗೇ ಬಾಳಿದವಳು. ಹಸುವನ್ನು ಕಂಬಕ್ಕೆ ಕಟ್ಟುವಾಗ ಮೇಜಿನ ಗಾಜಿನ ಕೆಳಗಿಟ್ಟಿದ್ದ ಆ ಫೋಟೋ ಕಂಡಳು. ನಾನು ಅದನ್ನು ಅಲ್ಲಿಟ್ಟದ್ದು ದಿನಾ ನೋಡಿಕೊಳ್ಳಲೆಂದು.

“ಇದ್ಯಾವ ದನ ಅವ್ವಾ? ಮೊಕ ಒಳ್ಳೆ ಕತ್ತೆ ಇದ್ದಂಗದೆ!” ಎಂದು ನಕ್ಕಳು. ಮತ್ತೆ ಬಗ್ಗಿ ನೋಡಿದಳು. “ಕರನ ಎಲ್ಲಿ ಮಡಗ್ಯದೆ ಇದು?”

 “ಕರು ಇದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು ಪುಟ್ಟಮ್ಮ?”

“ಅಯ್, ಒಂಟಿಯಾಗಿ ದಿಬ್ಬದ ಮ್ಯಾಲೆ ಕಾವಲು ನಿಂತಿರೋದು ಕಾಣಕ್ಕಿಲ್ವಾ? ನಮ್ಮಪ್ಪನ ಕಾಲ್ದಲ್ಲಿ ದನವ ಹುಲ್ಗಾವಲ್ಗೆ ಬುಡ್ತಿದ್ರು. ಅಲ್ಲಿ ಈದ ಹಸ ಕರನ ಪೊದೇಲಿ ಮುಚ್ಚಿಟ್ಟು, ಏನೂ ಗೊತ್ತಿಲ್ದವರಂಗೆ ದೂರ ನಿಂತ್ಕತಿತ್ತು. ನಾವು ಇದ್ರೆ ಆ ಕಡೆ ತಿರುಗೂ ನೋಡ್ತಿರ್ಲಿಲ್ಲ. ಕೊಟ್ಟಿಗೇಲಿ ಕಟ್ಟಾಕಿರೋ ಹಸೀಗೆ ಅದೆಲ್ಲಿ ಮರೆ ಸಿಗ್ತದೆ? ನಿಮ್ಗೆ ಗೊತ್ತಿಲ್ದಿರೋದಾ, ಡಾಕ್ಟ್ರವ್ವಾ!”

ಕೆನಡಾದವರು ಹಿಮದಿಂದ ತಂದು ಹೇಳಿದ್ದು, ಕಿಯೋಕೊ ಬಯಲಿನಲ್ಲಿ ಹೇಳಿದ್ದು, ಎರಡೂ ನನ್ನ ಆಸ್ಪತ್ರೆಯ ಬಾಗಿಲಲ್ಲೇ ಇದ್ದವು. ಇಪ್ಪತ್ತು ವರ್ಷದಲ್ಲಿ ನಾನು ಪುಟ್ಟಮ್ಮನಿಗೆ ಎಷ್ಟೋ ಹೇಳಿದ್ದೇನೆ. ಒಂದು ದಿನವೂ ಏನನ್ನೂ ಕೇಳಿರಲಿಲ್ಲ.

“ಗೊತ್ತಿರಲಿಲ್ಲ,” ಅಂದೆ. ಮತ್ತೆ ಎಲ್ಲವನ್ನೂ ಹೇಳಿದೆ. ಗೊಡ್ಡು ಅಂದದ್ದು, ಗಿಣ್ಣು ಬಂದದ್ದು, ಎದ್ದೇ ಇರದ ಕರು. ಕೈಗೆ ಗ್ಲೌಸು ಹಾಕಿಕೊಳ್ಳುತ್ತಾ ಶುರುಮಾಡಿದ್ದೆ, ಮಾತು ಮುಗಿಯುವಾಗ ಗ್ಲೌಸು ಅರ್ಧ ಕೈಗೇ ನಿಂತಿತ್ತು.

ಪುಟ್ಟಮ್ಮ ನನ್ನ ಕೈಯನ್ನು ನೋಡಿದಳು. ನಮ್ಮ ಕಡೆ ಯಾರು ಎಂಥ ತಪ್ಪು ಮಾಡಿದರೂ, ಎದುರಿಗಿದ್ದವರು ಕೊನೆಗೆ ‘ಹೋಗ್ಲಿ ಬುಡಿ’ ಅನ್ನುತ್ತಾರೆ. ಅದು ನಮ್ಮ ಪೋಲೆ. ಎತ್ತು ಸತ್ತರೂ ಅನ್ನುತ್ತಾರೆ, ಮಳೆ ಕೈಕೊಟ್ಟರೂ ಅನ್ನುತ್ತಾರೆ. ನಾನು ಅದಕ್ಕೆ ಕಾಯುತ್ತಾ ನಿಂತೆ.

ಅವಳು ಕಂಬದಿಂದ ಹಗ್ಗ ಬಿಚ್ಚಿದಳು. “ಇವತ್ತು ಬ್ಯಾಡ, ಇನ್ನೊಂದಿನ ತೋರುಸ್ತೀನಿ,” ಎಂದು ಹಸುವಿನ ಬೆನ್ನು ಸವರಿ, ಅದನ್ನು ಹೊಡೆದುಕೊಂಡು ಹೊರಟಳು.